ಐರಿಶ್, ಸ್ಕಾಚ್ ಮತ್ತು ನಮ್ಮ ನಾಲಗೆ

ಕನ್ನಡದಲ್ಲಿ ಬರೆದರೆ ಎರಡೂ ವಿಸ್ಕಿಯೇ. ಇಂಗ್ಲಿಷಿನಲ್ಲಿ ಐರ್ಲೆಂಡಿನವರು ಕೊನೆಯಲ್ಲಿ ಒಂದು ‘ಇ’ ಹೆಚ್ಚಾಗಿ ಸೇರಿಸುತ್ತಾರೆ, ಸ್ಕಾಟ್ಲೆಂಡಿನವರು ಸೇರಿಸುವುದಿಲ್ಲ. ಆ ಒಂದಕ್ಷರವನ್ನು ಎರಡೂ ಕಡೆಯವರು ಮನೆತನದ ಮುದ್ರೆಯ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ಮೂಲ ಪದ ಮಾತ್ರ ಒಂದೇ: ಗೇಲಿಕ್ ನುಡಿಯಲ್ಲಿ ‘ಜೀವಜಲ’ ಎಂಬರ್ಥ ಕೊಡುವ ‘ಇಷ್ಕೆ ಬಾಹಾ’. ಅದರ ಮೊದಲರ್ಧ ಇಂಗ್ಲಿಷರ ಬಾಯಲ್ಲಿ ಸವೆದು ಸವೆದು ವಿಸ್ಕಿ ಆಯಿತು. ನಮ್ಮ ಲಿಪಿ ಆ ‘ಇ’ಕಾರದ ಜಗಳವನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಲಿಪಿ ಮುಚ್ಚಿಟ್ಟ ಭೇದವನ್ನು ನಾಲಗೆ ಕಂಡುಹಿಡಿಯಬಲ್ಲುದೆ? ಕಂಡುಹಿಡಿದರೆ ಅದನ್ನು ಕನ್ನಡದಲ್ಲಿ ಹೇಳಬಹುದೆ? ಈ ಬರಹದ ಪ್ರಶ್ನೆ ಇಷ್ಟೇ.

‘ಮುಂಬೈಗೆ ಹೋಗಿ ಕಲಿತದ್ದು ಇದನ್ನೇನಾ?’ ಅಂತ ಊರಿನ ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಏರಿಸಲಿ, ತಪ್ಪಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ಕಂಡವನು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಎಷ್ಟೋ ಹೆಂಗಸರು ನಿಟ್ಟುಸಿರು ಬಿಟ್ಟದ್ದು ಗೊತ್ತಿದೆ. ಆದರೆ ನಮ್ಮಲ್ಲಿ ಕುಡಿತದ ಬಗ್ಗೆ ಇರುವುದು ಎರಡೇ ಮಾತು: ಒಂದು ಪಾಪದ್ದು, ಇನ್ನೊಂದು ಪರಾಕ್ರಮದ್ದು. ‘ಅವನು ಹಾಳಾದ’ ಅನ್ನುತ್ತೇವೆ, ಇಲ್ಲಾ ‘ಒಂದು ಬಾಟಲಿ ಏರಿಸಿದರೂ ಅವನು ಅಲ್ಲಾಡಲಿಲ್ಲ’ ಅನ್ನುತ್ತೇವೆ. ರುಚಿಯ ಮಾತು ಎರಡರಲ್ಲೂ ಇಲ್ಲ. ಸಾರು ತುಸು ಹುಳಿಯಾದರೆ ಅರ್ಧ ಗಂಟೆ ವಿಮರ್ಶೆ ಮಾಡುವ ಜನ ನಾವು; ಲೋಟದಲ್ಲಿರುವುದರ ಬಗ್ಗೆ ಮಾತ್ರ ಮೂಕರು.

ಮುಂಬೈಯಲ್ಲಿ ಸ್ಥಿತಿ ಬೇರೆ. ಇಲ್ಲಿ ಕುಡಿಯುವುದಕ್ಕೂ ಕಾಗದ ಬೇಕು. 1949ರ ಪಾನನಿರೋಧ ಕಾಯ್ದೆಯ ಲೆಕ್ಕದಲ್ಲಿ ಕುಡಿಯುವವನ ಹತ್ತಿರ ಪರ್ಮಿಟ್ ಇರಬೇಕು. ಆದ್ದರಿಂದಲೇ ಬಾರುಗಳ ಬೋರ್ಡಿನ ಮೇಲೆ ‘ಪರ್ಮಿಟ್ ರೂಮ್’ ಎಂಬ ಮಾತು. ಆ ರೂಮುಗಳಲ್ಲಿ ಎಷ್ಟೋ ನಮ್ಮ ಕರಾವಳಿಯವರೇ ನಡೆಸುವಂಥವು. ಗಲ್ಲೆಯ ಮೇಲೆ ಊರಿನ ದೇವರ ಪಟ, ಅದರ ಪಕ್ಕದ ಕಪಾಟಿನಲ್ಲಿ ಸ್ಕಾಟ್ಲೆಂಡು. ಹೊರನಾಡ ಕನ್ನಡಿಗನಿಗೆ ವಿಸ್ಕಿಯ ಪರಿಚಯ ಹೀಗೆ ತನ್ನವರ ಕೈಯಿಂದಲೇ ಆಗುತ್ತದೆ. ಆದರೆ ಅದರ ಬಗ್ಗೆ ಆಡುವ ಮಾತೆಲ್ಲ ಎರವಲು. ‘ಸ್ಮೂತ್’, ‘ಹೆವಿ’, ‘ಕಿಕ್’. ಮೂರೇ ಶಬ್ದದಲ್ಲಿ ವಿಮರ್ಶೆ ಮುಗಿಯಿತು.

ನೋಡಿದರೆ ವಿಷಯವೇನೂ ಚಿಕ್ಕದಲ್ಲ. 2024ರಲ್ಲಿ ಭಾರತಕ್ಕೆ ಬಂದ ಸ್ಕಾಚ್ ಸುಮಾರು 19.2 ಕೋಟಿ ಬಾಟಲಿಯಷ್ಟು. ಪ್ರಮಾಣದಲ್ಲಿ ಪ್ರಪಂಚಕ್ಕೇ ಮೊದಲು. ಅದರಲ್ಲಿ ಬಹಳಷ್ಟು ಸಗಟಾಗಿ ಬಂದು ಇಲ್ಲಿಯ ಬಾಟಲಿಗೆ ಬೀಳುವಂಥದ್ದು, ಇಲ್ಲಾ ನಮ್ಮ ಕಬ್ಬಿನ ಕಾಕಂಬಿಯ ಮದ್ಯಕ್ಕೆ ‘ಪರಿಮಳಕ್ಕಿಷ್ಟು’ ಅಂತ ಬೆರೆಯುವಂಥದ್ದು. ಇಷ್ಟು ಕುಡಿಯುವ ದೇಶ ರುಚಿಯ ಬಗ್ಗೆ ಇಷ್ಟು ಕಡಿಮೆ ಮಾತಾಡುವುದು ಆಶ್ಚರ್ಯವೇ.

ಮೊದಲು ಅಡುಗೆಮನೆಯ ಕಡೆಯಿಂದ ನೋಡೋಣ. ರಾಗಿ ಮಾಲ್ಟ್ ಗೊತ್ತಿರುವವರಿಗೆ ವಿಸ್ಕಿಯ ಮೊದಲ ಪಾಠ ಗೊತ್ತಿದ್ದ ಹಾಗೆಯೇ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದಕ್ಕೊಂದು ಸಿಹಿ ಬರುತ್ತದಲ್ಲ, ಜವೆಗೋಧಿಗೂ ಹಾಗೆಯೇ. ಮೊಳಕೆಯ ಜವೆಯೇ ಮಾಲ್ಟ್. ಅದನ್ನು ಒಣಗಿಸುವಾಗ ಕೆಳಗೆ ಯಾವ ಬೆಂಕಿ ಇತ್ತು ಎನ್ನುವುದರಲ್ಲಿ ಅರ್ಧ ಕಥೆಯಿದೆ. ಪೀಟ್ ಅಂದರೆ ಜೌಗುನೆಲದಲ್ಲಿ ಸಾವಿರಾರು ವರ್ಷ ಕೊಳೆತ ಪಾಚಿ, ಹುಲ್ಲು, ಪೊದೆ ಒತ್ತಿಕೊಂಡು ಆದ ಕಪ್ಪು ಮಣ್ಣು. ಅದನ್ನು ಇಟ್ಟಿಗೆಯ ಹಾಗೆ ಕಡಿದು ಒಣಗಿಸಿ ಉರುವಲು ಮಾಡುತ್ತಾರೆ. ಅದರ ಹೊಗೆ ಹಿಡಿದ ಜವೆ ಆ ಹೊಗೆಯನ್ನು ಕೊನೆಯವರೆಗೂ ಬಿಡುವುದಿಲ್ಲ. ಆಮೇಲೆ ಹುಳಿ ಬರಿಸಿ ತಾಮ್ರದ ದೊಡ್ಡ ಹಂಡೆಯಲ್ಲಿ ಬಟ್ಟಿ ಇಳಿಸುವುದು. ಸ್ಕಾಚ್ ಮಾಲ್ಟನ್ನು ಸಾಮಾನ್ಯವಾಗಿ ಎರಡು ಸಲ ಇಳಿಸುತ್ತಾರೆ, ಐರಿಶರು ಮೂರು ಸಲ. ಎರಡೂ ದೇಶದಲ್ಲಿ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂರಬೇಕೆಂದು ಕಾನೂನು.

ಇಷ್ಟರಿಂದ ಒಂದು ಸುಲಭದ ಸೂತ್ರ ಹುಟ್ಟಿದೆ: ಐರಿಶ್ ಅಂದರೆ ಮೂರು ಸಲ ಇಳಿಸಿದ್ದು, ಹೊಗೆಯಿಲ್ಲದ್ದು, ಮೆದು, ಸ್ಕಾಚ್ ಅಂದರೆ ಎರಡು ಸಲ ಇಳಿಸಿದ್ದು, ಹೊಗೆಯದ್ದು, ಗಡುಸು. ಕೇಳಲು ಚೆನ್ನಾಗಿದೆ, ಅರ್ಧ ನಿಜವೂ ಹೌದು. ಇನ್ನರ್ಧ? ಗ್ಲಾಸ್ಗೋ ಹತ್ತಿರದ ಆಕಿಂಟೋಷನ್ ಸ್ಕಾಚೇ, ಆದರೆ ಮೂರು ಸಲ ಇಳಿಸಿದ್ದು. ಕೊನಮಾರಾ ಐರಿಶ್, ಆದರೆ ಎರಡು ಸಲ ಇಳಿಸಿದ್ದು, ಮೇಲಾಗಿ ಪೀಟ್ ಹೊಗೆಯದ್ದು. ಸ್ಪೇಸೈಡ್ ಕಡೆಯ ಬಹುಪಾಲು ಸ್ಕಾಚಿನಲ್ಲಿ ಹೊಗೆಯ ಸುಳಿವೇ ಸಿಗುವುದಿಲ್ಲ. ಕ್ಯಾಂಬೆಲ್‌ಟೌನಿನ ಸ್ಪ್ರಿಂಗ್‌ಬ್ಯಾಂಕಿನವರು ಎರಡೂವರೆ ಸಲ ಇಳಿಸುತ್ತೇವೆ ಅನ್ನುತ್ತಾರೆ! ಇನ್ನು ಐರ್ಲೆಂಡಿನಲ್ಲಿ ಪೀಟ್ ಇಲ್ಲವೆಂದೂ ಅಲ್ಲ. ಬೇಕಾದಷ್ಟಿದೆ, ಅಲ್ಲಿಯ ಹಳ್ಳಿಮನೆಗಳ ಒಲೆಯಲ್ಲಿ ತಲೆಮಾರುಗಟ್ಟಲೆ ಉರಿದಿದೆ. ಹಾಗಾದರೆ ಈ ಭೇದ ಮಣ್ಣಿನದಲ್ಲ, ನೀರಿನದಲ್ಲ. ಮತ್ತೆ ಯಾವುದರದು?

ನನಗೆ ಕಂಡ ಮಟ್ಟಿಗೆ ಬಹುಪಾಲು ತೆರಿಗೆಯದು, ಹಟದ್ದು ಮತ್ತು ಮಾರುಕಟ್ಟೆಯದು. 18ನೆಯ ಶತಮಾನದ ಕೊನೆಗೆ ಸರ್ಕಾರ ಮಾಲ್ಟಿನ ಮೇಲೆ ತೆರಿಗೆ ಏರಿಸಿತು. ಮೊಳಕೆ ಬಂದ ಜವೆಗೆ ತೆರಿಗೆ, ಹಸಿ ಜವೆಗೆ ಇಲ್ಲ. ಐರ್ಲೆಂಡಿನವರು ಎರಡನ್ನೂ ಬೆರೆಸಿ ಹಂಡೆಗೆ ಸುರಿದರು. ಕಾಸು ಉಳಿಸಲು ಗಟ್ಟಿಯಾದ ಈ ರೂಢಿ ನಾಲಗೆಗೆ ಹತ್ತಿಬಿಟ್ಟಿತು. ತೆರಿಗೆ ಹೋದ ಮೇಲೂ ರುಚಿ ಉಳಿಯಿತು. ಇವತ್ತು ‘ಸಿಂಗಲ್ ಪಾಟ್ ಸ್ಟಿಲ್’ ಅಂತ ಅವರು ಹೆಮ್ಮೆಯಿಂದ ಕರೆಯುವುದು ಇದನ್ನೇ. ಮೊಳಕೆಯದು ಕನಿಷ್ಠ ಶೇ. 30, ಹಸಿಯದು ಕನಿಷ್ಠ ಶೇ. 30 ಇರಲೇಬೇಕು ಎಂಬುದು ಈಗ ನಿಯಮ. ತೆರಿಗೆ ತಪ್ಪಿಸುವ ಉಪಾಯವೇ ಪರಂಪರೆಯಾಗಿ ಕೂತದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಹಟದ ಕಥೆ. ಐನಿಯಸ್ ಕಾಫಿ ಎಂಬಾತ ಐರ್ಲೆಂಡಿನಲ್ಲಿ ಅಬಕಾರಿ ಇಲಾಖೆಯ ದೊಡ್ಡ ಅಧಿಕಾರಿ. ಆತ 1830ರಲ್ಲಿ ಒಂದು ಬಟ್ಟಿಯಂತ್ರಕ್ಕೆ ಪೇಟೆಂಟ್ ಪಡೆದ. ಹಂಡೆ ತುಂಬಿಸು, ಖಾಲಿ ಮಾಡು ಎಂಬ ರಗಳೆಯಿಲ್ಲ. ನಿಲ್ಲದೆ ಸುರಿಯುತ್ತದೆ, ಅಗ್ಗವಾಗಿ, ತೆಳುವಾಗಿ. ಡಬ್ಲಿನ್ನಿನ ದೊಡ್ಡ ದೊಡ್ಡ ಮನೆತನಗಳು ‘ಇದೂ ಒಂದು ವಿಸ್ಕಿಯೇ?’ ಎಂದು ಮೂಗು ಮುರಿದವು. ಸ್ಕಾಟ್ಲೆಂಡಿನವರು ಮಾತ್ರ ಕೈಚಾಚಿ ತೆಗೆದುಕೊಂಡು, ಅದರ ತೆಳು ಮದ್ಯಕ್ಕೆ ತಮ್ಮ ಗಡುಸು ಮಾಲ್ಟ್ ಬೆರೆಸಿ, ಬ್ಲೆಂಡೆಡ್ ಸ್ಕಾಚ್ ಎಂಬ ಹೊಸ ಪದಾರ್ಥವನ್ನೇ ಮಾಡಿದರು. ಅದೇ ಶತಮಾನದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ ಹೇನು ಬಿದ್ದು ಬ್ರಾಂದಿ ದುರ್ಲಭವಾದಾಗ, ಲಂಡನ್ನಿನ ಖಾಲಿ ಲೋಟಕ್ಕೆ ಬಂದು ಬಿದ್ದದ್ದು ಈ ಸ್ಕಾಚ್. ಇದಕ್ಕೆ ವಿಸ್ಕಿ ಎಂಬ ಹೆಸರು ಸಲ್ಲುತ್ತದೆಯೇ ಎಂಬ ವ್ಯಾಜ್ಯ ರಾಯಲ್ ಕಮಿಷನ್ನಿನವರೆಗೆ ಹೋಯಿತು. 1909ರಲ್ಲಿ ತೀರ್ಪು ಬಂತು: ಸಲ್ಲುತ್ತದೆ. ಆಮೇಲೆ ಐರ್ಲೆಂಡಿನ ಸ್ವಾತಂತ್ರ್ಯ ಸಮರ, 1920ರಿಂದ 1933ರವರೆಗಿನ ಅಮೆರಿಕದ ಪಾನನಿಷೇಧ. ಐರಿಶ್ ವಿಸ್ಕಿಯ ಬೆನ್ನುಮೂಳೆಯೇ ಮುರಿಯಿತು. ಉಳಿದಿದ್ದ ಮೂರು ಮನೆತನಗಳು 1966ರಲ್ಲಿ ಒಂದಾದವು. 1975ರಲ್ಲಿ ಎಲ್ಲ ತಯಾರಿಕೆ ಕಾರ್ಕ್ ಕಡೆಯ ಮಿಡಲ್ಟನ್ನಿಗೆ ಹೋಯಿತು. 1980ರ ಹೊತ್ತಿಗೆ ಇಡೀ ದ್ವೀಪದಲ್ಲಿ ಬಟ್ಟಿ ಉರಿಯುತ್ತಿದ್ದುದು ಎರಡೇ ಕಡೆ: ಮಿಡಲ್ಟನ್, ಮತ್ತು ಉತ್ತರದ ಬುಷ್‌ಮಿಲ್ಸ್.

ನಮ್ಮಂಥ ವಲಸೆಗಾರರು ಗಮನಿಸಬೇಕಾದ ಒಂದು ತಮಾಷೆ ಇಲ್ಲಿದೆ. ಐರಿಶ್ ವಿಸ್ಕಿಯ ಅತಿ ದೊಡ್ಡ ಹೆಸರು ಜೇಮ್ಸನ್. ಆ ಜಾನ್ ಜೇಮ್ಸನ್ ಹುಟ್ಟಿದ್ದು ಸ್ಕಾಟ್ಲೆಂಡಿನ ಅಲ್ಲೋವಾದಲ್ಲಿ. ಡಬ್ಲಿನ್ನಿಗೆ ಬಂದು ನೆಲೆಸಿದವನು. ಸ್ಕಾಚನ್ನು ಪ್ರಪಂಚಕ್ಕೆ ಹಬ್ಬಿಸಿದ ಯಂತ್ರ ಐರ್ಲೆಂಡಿನದು. ಇಬ್ಬರದೂ ‘ಅಪ್ಪಟ ನಮ್ಮದು’ ಎನ್ನುವ ಬಾಟಲಿಯಲ್ಲಿ ನೆರೆಮನೆಯವನ ಪಾಲಿದೆ.

ಸರಿ, ಇತಿಹಾಸ ಸಾಕು. ಲೋಟಕ್ಕೆ ಬರೋಣ. ಹೋಲಿಕೆ ನ್ಯಾಯವಾಗಿರಬೇಕಾದರೆ ಜೋಡಿ ಸರಿಯಿರಬೇಕು. ಅಗ್ಗದ ಐರಿಶ್ ಪಕ್ಕ ದುಬಾರಿ ಸ್ಕಾಚ್ ಇಟ್ಟು ತೀರ್ಪು ಕೊಡುವುದು ದಾಸವಾಳವನ್ನು ಗುಲಾಬಿಯೊಂದಿಗೆ ತೂಗಿದ ಹಾಗೆ. ನಾನು ನಾಲ್ಕು ಜೋಡಿ ಇಟ್ಟುಕೊಳ್ಳುತ್ತೇನೆ.

ಮೊದಲನೆಯದು ಎಲ್ಲ ಕಡೆ ಸಿಗುವ ಜೋಡಿ: ಜೇಮ್ಸನ್ ಮತ್ತು ಜಾನಿ ವಾಕರ್ ಬ್ಲ್ಯಾಕ್ ಲೇಬಲ್. ಎರಡೂ ಬೆರಕೆಗಳೇ. ಜೇಮ್ಸನ್ ಮೂಗಿಗೆ ಹಿಡಿದರೆ ಹಸಿರು ಸೇಬು, ಹೆಚ್ಚಿದ ಸೌತೆಕಾಯಿಯ ತಂಪು, ಹಿಂದೆ ತುಸು ಜೇನು. ಬಾಯಿಗೆ ಹಗುರ, ಮುಗಿಯುವುದೂ ಬೇಗ. ಬ್ಲ್ಯಾಕ್ ಲೇಬಲ್ಲಿನಲ್ಲಿ ಕಿತ್ತಳೆ ಸಿಪ್ಪೆ, ಒಣದ್ರಾಕ್ಷಿ, ಎಲ್ಲಕ್ಕೂ ಹಿಂದೆ ದೂರದ ಮನೆಯ ಹಂಡೆಒಲೆಯಿಂದ ಬಂದಂಥ ತೆಳು ಹೊಗೆ. ನುಂಗಿದ ಮೇಲೂ ಅದು ಹೋಗುವುದಿಲ್ಲ. ಈ ಜೋಡಿಯಲ್ಲಿ ನನ್ನ ಓಟು ಸ್ಕಾಚಿಗೆ. ಕಾರಣ ಗಡಸುತನವಲ್ಲ, ಅದರಲ್ಲಿ ಒಂದಾದ ಮೇಲೊಂದು ಹೇಳುವುದಕ್ಕಿದೆ.

ಎರಡನೆಯ ಜೋಡಿ: 12 ವರ್ಷದ ರೆಡ್‌ಬ್ರೆಸ್ಟ್, ಮತ್ತು ಶೆರ್ರಿ ಪೀಪಾಯಿಯ 12 ವರ್ಷದ ಸ್ಪೇಸೈಡ್ ಮಾಲ್ಟ್, ಗ್ಲೆನ್‌ಫಾರ್‌ಕ್ಲಾಸ್ ಅನ್ನಿ. ಇಲ್ಲಿ ಲೆಕ್ಕ ತಿರುಗುತ್ತದೆ. ರೆಡ್‌ಬ್ರೆಸ್ಟ್ ಹಸಿ ಜವೆ ಬಿದ್ದ ಪಾಟ್ ಸ್ಟಿಲ್. ನಾಲಗೆಯ ಮೇಲೆ ಅದಕ್ಕೊಂದು ಮೈಯಿದೆ. ಬಿಸಿ ಅನ್ನದ ಮೇಲೆ ತುಪ್ಪ ಇಳಿದ ಹಾಗೆ ಹರಡುತ್ತದೆ. ಆಮೇಲೆ ಒಣಶುಂಠಿಯ, ಕಾಳುಮೆಣಸಿನ ಚುರುಕು. ಕೊನೆಗೆ ಜೋನಿಬೆಲ್ಲದ ಪಸೆ. ಸ್ಪೇಸೈಡಿನದು ಸುಗಂಧದಲ್ಲಿ ಒಂದು ಕೈ ಮೇಲೇ, ಆದರೆ ಮೈಕಟ್ಟಿನಲ್ಲಿ ಇದರ ಸಮಕ್ಕೆ ಬರುವುದಿಲ್ಲ. ಐರಿಶ್ ಅಂದರೆ ಮೆದು, ಹಗುರ ಎಂಬ ಸೂತ್ರವನ್ನು ನೀವು ಹಿಡಿದುಕೊಂಡಿದ್ದರೆ ಈ ಲೋಟದ ಮುಂದೆ ಅದು ನಿಲ್ಲುವುದಿಲ್ಲ. ನನ್ನ ಓಟು ಐರ್ಲೆಂಡಿಗೆ.

ಮೂರನೆಯದು ಬುಷ್‌ಮಿಲ್ಸ್ 10 ಮತ್ತು ಆಕಿಂಟೋಷನ್ 12. ಎರಡೂ ಮೊಳಕೆಯ ಜವೆಯದೇ, ಎರಡೂ ಮೂರು ಸಲ ಇಳಿಸಿದ್ದೇ, ಎರಡರಲ್ಲೂ ಹೊಗೆಯಿಲ್ಲ. ಕಣ್ಣು ಕಟ್ಟಿ ಕೊಟ್ಟರೆ ಯಾವ ದೇಶದ್ದೆಂದು ಹೇಳುವುದು ಕಷ್ಟ. ಹೇಳಬೇಕಾದ ಅಗತ್ಯವಾದರೂ ಏನು? ಮಾಡುವ ವಿಧಾನ ಒಂದಾದಾಗ ಬಾವುಟ ಕರಗಿಹೋಗುತ್ತದೆ.

ನಾಲ್ಕನೆಯದು ಹೊಗೆಯ ಜೋಡಿ: ಕೊನಮಾರಾ ಮತ್ತು ಐಲಾ ದ್ವೀಪದ ಲಫ್ರಾಯಿಗ್ 10. ಕೊನಮಾರಾದ ಹೊಗೆ ಒಣಹುಲ್ಲಿನದು. ಕಣದ ಮೂಲೆಯಲ್ಲಿ ಕಸಕ್ಕೆ ಬೆಂಕಿ ಹಾಕಿದಾಗ ಬರುವಂಥದ್ದು, ನಡುವೆ ಸಿಹಿ ಇಣುಕುತ್ತದೆ. ಲಫ್ರಾಯಿಗ್ ಹಾಗಲ್ಲ. ಟಿಂಚರ್ ಅಯೋಡಿನ್, ಡಾಂಬರು, ಉಪ್ಪುನೀರು, ಒಣಮೀನಿನ ಬುಟ್ಟಿ ಎಲ್ಲ ಒಟ್ಟಿಗೆ ಮುಖಕ್ಕೆ ರಾಚುತ್ತವೆ. ಕಾರ್ಕಳ ಕಡೆಯ ಶೆಟ್ರೊಬ್ಬರು, ಇಪ್ಪತ್ತೈದು ವರ್ಷ ಇಲ್ಲಿ ಪರ್ಮಿಟ್ ರೂಮ್ ನಡೆಸಿದವರು, ಇದನ್ನು ಮೂಸಿ ನೋಡಿ ಹೇಳಿದ್ದು: “ಇದು ಆಸ್ಪತ್ರೆ ಪರಿಮಳ ಬರ್ತದಲ್ಲ ಮಾರಾಯ್ರೆ! ಆದ್ರೂ ಇನ್ನೊಂದು ಸಲ ಮೂಸುವ ಅನ್ಸ್ತದೆ.” ನಾನು ಓದಿದ ವಿಸ್ಕಿ ವಿಮರ್ಶೆಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಕಡಿಮೆ. ಮೊದಲ ವಾಕ್ಯದಲ್ಲಿ ವರ್ಣನೆ, ಎರಡನೆಯದರಲ್ಲಿ ಮೌಲ್ಯಮಾಪನ. ನನ್ನ ಓಟೂ ಶೆಟ್ರ ಕಡೆಗೇ.

ಅಂದರೆ ಸ್ಕಾಚಿಗೆ ಎರಡು, ಐರಿಶಿಗೆ ಒಂದು, ಒಂದು ಸಮ. ಆದರೆ ಈ ಅಂಕಪಟ್ಟಿಗಿಂತ ಮುಖ್ಯವಾದ ಒಂದು ಮಾತಿದೆ. ನಮ್ಮ ಬಾರುಗಳಲ್ಲಿ ಐರಿಶ್ ಸೋಲುವುದು ರುಚಿಯಲ್ಲಿ ಅಲ್ಲ, ಹೊಗಳಿಕೆಯಲ್ಲಿ. ಅದನ್ನು ಮಾರುವುದೇ ‘ಸ್ಮೂತ್’ ಎಂಬ ಶಬ್ದದಿಂದ. ‘ಗಂಟಲಲ್ಲಿ ಇಳಿದದ್ದೇ ಗೊತ್ತಾಗಲಿಲ್ಲ’ ಎನ್ನುವುದು ಅದರ ಅರ್ಥ. ಇದೆಂಥ ಹೊಗಳಿಕೆ? ಒಬ್ಬ ಗಾಯಕನ ಬಗ್ಗೆ ‘ಹಾಡಿದ್ದೇ ಗೊತ್ತಾಗಲಿಲ್ಲ’ ಅಂದ ಹಾಗಾಯಿತು. ಪಾಟ್ ಸ್ಟಿಲ್ಲಿನ ಗುಣವೇ ಇಳಿದದ್ದು ಗೊತ್ತಾಗುವುದು. ಅತ್ತ ಸ್ಕಾಚನ್ನು ಹೊಗಳುವುದು ಅಂಕಿಯಿಂದ. 12, 15, 18: ಸರ್ಕಾರಿ ನೌಕರಿಯ ದರ್ಜೆಗಳಂತೆ. ಬಾಟಲಿಯ ಮೇಲಿನ ವಯಸ್ಸು ಒಳಗಿನ ಮದ್ಯಗಳಲ್ಲಿ ಎಲ್ಲಕ್ಕಿಂತ ಕಿರಿಯದರದು, ಅಷ್ಟೇ. ಅದು ರುಚಿಯ ಮಾರ್ಕ್ಸ್ ಕಾರ್ಡಲ್ಲ. ಹೆಚ್ಚು ಕೂತರೆ ಮರದ ಒಗರೇ ಮೇಲಾಗಿ ಜವೆಯ ಸೊಲ್ಲಡಗುವುದೂ ಉಂಟು. ಅಡಿಕೆ ಬೇಯಿಸಿದ ಚೊಗರನ್ನು ಕಂಡ ಮಲೆನಾಡಿನವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ನಾವು ಕುಡಿಯುವ ಕ್ರಮವೂ ಈ ಅನ್ಯಾಯಕ್ಕೆ ಸೇರಿಕೊಂಡಿದೆ. ಐಸು, ಸೋಡಾ, ಪಕ್ಕದಲ್ಲಿ ಈರುಳ್ಳಿ-ಹಸಿಮೆಣಸಿನಕಾಯಿಯ ಮಸಾಲೆ ಶೇಂಗಾ. ಈ ಗದ್ದಲದಲ್ಲಿ ಹೊಗೆ ಬದುಕಿಕೊಳ್ಳುತ್ತದೆ. ಹಸಿ ಜವೆಯ ಪರಿಮಳ ಸಾಯುತ್ತದೆ. ಹಾಗೆಂದು ನೀರೇ ಬೇಡವೆನ್ನುವ ಗಂಡಸುತನವೂ ಬೇಡ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದು: ಹೊಗೆವಾಸನೆ ಕೊಡುವ ಗ್ವಾಯಕಾಲ್ ಎಂಬ ಅಂಶ ಗಾಢ ಮದ್ಯದಲ್ಲಿ ಒಳಗೆ ಮುಳುಗಿರುತ್ತದೆ, ನೀರು ಬೆರೆತಾಗ ಮೇಲ್ಪದರಕ್ಕೆ ಬರುತ್ತದೆ. ನಾಲ್ಕು ಹನಿ ನೀರು ಪರಿಮಳವನ್ನು ಬಿಡಿಸುತ್ತದೆ, ನಾಲ್ಕು ಚಮಚ ಸೋಡಾ ಅದನ್ನು ಓಡಿಸುತ್ತದೆ.

ಹೊರನಾಡಿನವನಾಗಿ ನನಗೆ ಎಲ್ಲಕ್ಕಿಂತ ಹತ್ತಿರವಾದ ಸಂಗತಿ ಪೀಪಾಯಿಯದು. ಅಮೆರಿಕದ ಬರ್ಬನ್ನಿಗೆ ಪ್ರತಿ ಸಲವೂ ಹೊಸ ಓಕ್ ಪೀಪಾಯಿಯೇ ಆಗಬೇಕೆಂದು ಅಲ್ಲಿಯ ಕಾನೂನು. ಆದ್ದರಿಂದ ಒಂದು ಸಲ ಬಳಸಿದ ಪೀಪಾಯಿಗಳು ಹಡಗು ಹತ್ತಿ ಸ್ಕಾಟ್ಲೆಂಡಿಗೆ, ಐರ್ಲೆಂಡಿಗೆ ಬರುತ್ತವೆ. ಸ್ಪೇನಿನಿಂದ ಶೆರ್ರಿಯವು ಬರುತ್ತವೆ. ಬಣ್ಣವಿಲ್ಲದ, ಒರಟು ಮದ್ಯ ಪರದೇಶದ ಮರದೊಳಗೆ ವರ್ಷಗಟ್ಟಲೆ ಕೂತು ಬಣ್ಣ, ಬುದ್ಧಿ ಎರಡನ್ನೂ ಕಲಿಯುತ್ತದೆ. ಕಲಿತ ಮೇಲೂ ಅದು ಜವೆಯದೇ ಮದ್ಯ.

ಬೆಂಗಳೂರಿನ ಅಮೃತ್ ನೆನಪಾಗುವುದು ಇಲ್ಲಿಯೇ. 1948ರಲ್ಲಿ ಶುರುವಾದ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ? ಗ್ಲಾಸ್ಗೋದಲ್ಲಿ! ಅದರ ‘ಫ್ಯೂಷನ್’ನಲ್ಲಿ ಉತ್ತರ ಭಾರತದ ಜವೆಯೂ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಜವೆಯೂ ಮೈಸೂರು ರಸ್ತೆಯ ಕಂಬಿಪುರದಲ್ಲಿ ಕೂಡಿಕೊಂಡವು. ಜಿಮ್ ಮರ್ರೆ ತನ್ನ 2010ರ ವಿಸ್ಕಿ ಬೈಬಲ್ಲಿನಲ್ಲಿ ಅದಕ್ಕೆ 100ಕ್ಕೆ 97 ಕೊಟ್ಟು ಪ್ರಪಂಚದಲ್ಲೇ ಮೂರನೆಯದೆಂದ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ರ ಮೇಲೆ. ನಷ್ಟ ಹೆಚ್ಚು, ಪಕ್ವವಾಗುವುದೂ ಬೇಗ. ಅಲ್ಲಿಯ 12ರ ಅಂಕಿ ಇಲ್ಲಿ ನಡೆಯುವುದಿಲ್ಲ. 2007ರಲ್ಲಿ ಬೆಂಗಳೂರಿನದೇ ಇನ್ನೊಂದು ಕಂಪನಿ 59.5 ಕೋಟಿ ಪೌಂಡು ಕೊಟ್ಟು ಸ್ಕಾಟ್ಲೆಂಡಿನ ವೈಟ್ ಆಂಡ್ ಮೆಕಾಯ್ ಕೊಂಡಾಗ ‘ಸ್ಕಾಚ್ ನಮ್ಮದಾಯಿತು’ ಎಂದು ಬೀಗಿದವರಿದ್ದರು; 2014ರಲ್ಲಿ ಅದು ಕೈಬಿಟ್ಟು ಹೋಯಿತು. ಕೊಂಡದ್ದು ಹೋಯಿತು, ಮಾಡಿದ್ದು ಉಳಿಯಿತು. ಅಮೃತನ್ನು ಅಳೆಯಲು ಸ್ಕಾಚಿನ ಗಜಕಡ್ಡಿ ಸಾಲದು, ಐರಿಶಿನದೂ ಸಾಲದು. ಅದಕ್ಕೆ ನಮ್ಮದೇ ಮಾತು ಬೇಕು.

ಮಾತು ನಮ್ಮಲ್ಲಿ ಇಲ್ಲದೆ ಇಲ್ಲ. ಒಗರು, ಚೊಗರು, ಕನರು, ಕಮಟು, ಘಾಟು, ಕಂಪು, ಸೀದ ವಾಸನೆ, ಮಳೆ ಬಿದ್ದ ಮಣ್ಣು, ಹೊಗೆಅಟ್ಟದ ಉಪ್ಪಾಗೆ. ಇಂಗ್ಲಿಷ್ ವಿಮರ್ಶಕ ‘ಹೆದರ್ ಹೂವಿನ ಜೇನು’ ಎಂದು ಬರೆದರೆ ಹೆದರ್ ಕಾಣದ ನಾವೂ ತಲೆಯಾಡಿಸಿ ಅದನ್ನೇ ಹೇಳುತ್ತೇವೆ. ನಾಲಗೆ ನಮ್ಮದು, ತೀರ್ಪು ಮಾತ್ರ ಬಾಡಿಗೆಯದು. ಊರು ಬಿಟ್ಟವರು ಮೊದಲು ಕಳೆದುಕೊಳ್ಳುವುದು ಭಾಷೆಯನ್ನಲ್ಲ, ತಮ್ಮ ರುಚಿಯನ್ನು ತಮ್ಮ ಭಾಷೆಯಲ್ಲಿ ಹೇಳುವ ಧೈರ್ಯವನ್ನು. ಇದು ವಿಸ್ಕಿಗೆ ಮಾತ್ರ ಹೇಳಿದ ಮಾತಲ್ಲ. ಇಲ್ಲಿಯ ಸಂಗೀತಕ್ಕೆ, ಸಿನಿಮಾಕ್ಕೆ, ಮನೆ ಕಟ್ಟಿಸುವುದಕ್ಕೆ, ಮಕ್ಕಳ ಹೆಸರಿಗೂ ಅನ್ವಯಿಸುತ್ತದೆ.

ಕೊನೆಗೆ ಯಾವುದು ಮೇಲು ಅಂತ ಪಟ್ಟು ಹಿಡಿದು ಕೇಳಿದರೆ, ಉತ್ತರ ಇಟ್ಟುಕೊಂಡೇ ಕೂತಿದ್ದೇನೆ. ಒಂದು ನಾಡಾಗಿ ಸ್ಕಾಟ್ಲೆಂಡ್ ದೊಡ್ಡದು. ಐಲಾದಿಂದ ಸ್ಪೇಸೈಡಿನವರೆಗೆ ಅದರಲ್ಲಿರುವಷ್ಟು ಬಗೆ ಐರ್ಲೆಂಡಿನಲ್ಲಿ ಸದ್ಯಕ್ಕಿಲ್ಲ. ಒಂದು ಕೃತಿಯಾಗಿ ಐರಿಶ್ ಪಾಟ್ ಸ್ಟಿಲ್ಲಿಗೆ ಸ್ಕಾಟ್ಲೆಂಡಿನಲ್ಲಿ ಜೋಡಿಯಿಲ್ಲ. ನೀವು ಕುಡಿಯುವವರಲ್ಲದಿದ್ದರೆ ನಷ್ಟವೇನಿಲ್ಲ, ಶುರು ಮಾಡಿ ಎಂದು ನಾನು ಹೇಳುವುದಿಲ್ಲ. ಕುಡಿಯುವವರಾದರೆ ಎರಡರದೂ ಒಂದೊಂದು ಸಣ್ಣ ಪೆಗ್ ಪಕ್ಕಪಕ್ಕ ಇಟ್ಟುಕೊಳ್ಳಿ, ನಾಲ್ಕು ಹನಿ ನೀರು ಬಿಡಿ, ಶೇಂಗಾ ತಟ್ಟೆಯನ್ನು ಆಚೆ ಸರಿಸಿ. ಮೂಗಿಗೆ ಬಂದದ್ದನ್ನು ನಿಮ್ಮ ಅಜ್ಜಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿನೋಡಿ. ಹೇಳಲು ಬಂದರೆ ಒಂದು ಪೆಗ್ಗಿನಲ್ಲೇ ಸಂಜೆ ತುಂಬುತ್ತದೆ.